ಅಕ್ಕಡಿ ಸಾಲಿನಲ್ಲಿ ಬಿಟ್ಟ ಜಾಗ

ಆ ದಿನ ಹೊಲದಲ್ಲಿ ನಿಜವಾಗಿ ಏನು ನಡೆಯಿತು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ನಾನು ಏನಾದರೂ ವಿವರಣೆ ಕೊಡುತ್ತೇನೆಂದು ಓದುವವರು ಕಾಯುವುದು ಬೇಡ. ಕೆಲವನ್ನು ಕಣ್ಣಾರೆ ಕಂಡಿದ್ದೇನೆ. ಕೆಲವನ್ನು ಕಿವಿಯಾರೆ ಕೇಳಿದ್ದೇನೆ ಎಂದುಕೊಂಡಿದ್ದೇನೆ. ನನ್ನ ಅನುಮಾನವಿರುವುದು ಆ ಎರಡನೆಯದರ ಬಗ್ಗೆ.

ಇಂಥ ಅನುಭವಗಳನ್ನು ಬೇರೆಯವರು ಹೇಳುವಾಗ ನಾನು ಒಳ್ಳೆಯ ಕೇಳುಗನಾಗಿರಲಿಲ್ಲ. “ಆಗ ನಿಮಗೆ ಜ್ವರ ಇತ್ತಾ?” ಎಂದು ಮೊದಲು ಕೇಳುತ್ತಿದ್ದೆ. “ಇದನ್ನು ಇದುವರೆಗೆ ಎಷ್ಟು ಜನಕ್ಕೆ ಹೇಳಿದ್ದೀರಿ?” ಎಂಬುದು ಮುಂದಿನ ಪ್ರಶ್ನೆ. ಹೇಳುತ್ತಾ ಹೇಳುತ್ತಾ ನೆನಪು ಬೆಳೆಯುತ್ತದೆ, ಹೇಳುವವನಿಗೇ ಗೊತ್ತಾಗದಂತೆ ಅದಕ್ಕೆ ಕೈಕಾಲು ಮೂಡುತ್ತವೆ ಎಂದು ನಾನು ನಂಬಿದ್ದೆ. ಈಗಲೂ ನಂಬುತ್ತೇನೆ. ಆ ಕಾರಣಕ್ಕೇ ಈ ಸಂಗತಿಯನ್ನು ಹೆಚ್ಚು ಜನರಿಗೆ ಹೇಳದೆ ಇಟ್ಟುಕೊಂಡಿದ್ದೆ.

ನಾನು ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿದವನು. ಕೆಲಸ ಮಾಡುವುದು ಹೊಸೂರಿನ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ. ಮತ್ತಿಗಿರಿಯಲ್ಲಿ ಬಾಡಿಗೆ ಮನೆ. ಒಂದು ಕಡೆ ಕೂತು ಅಭ್ಯಾಸವಿಲ್ಲದ ಮನುಷ್ಯ. ಭಾನುವಾರ ಬಂದರೆ ಮನೆಯಲ್ಲಿ ಉಸಿರು ಕಟ್ಟುತ್ತದೆ. ಬೈಕ್ ತೆಗೆದುಕೊಂಡು ಡೆಂಕಣಿಕೋಟೆ ದಾಟಿ ಅಂಚೆಟ್ಟಿಯ ಕಡೆ ಹೋಗಿಬಿಡುತ್ತಿದ್ದೆ. ಆ ದಾರಿಯಲ್ಲೇ, ಕಾಡಿಗೆ ಅಂಟಿಕೊಂಡಂತೆ, ನನ್ನ ಜೊತೆ ಕೆಲಸ ಮಾಡುವ ಮುನಿರಾಜುವಿನ ಊರು. ಅವನು ಅಲ್ಲಿಂದಲೇ ಕಂಪನಿ ಬಸ್ಸಿನಲ್ಲಿ ಶಿಫ್ಟಿಗೆ ಬರುತ್ತಾನೆ. ಕ್ರಮೇಣ ಭಾನುವಾರದ ಊಟ ಅವನ ಮನೆಯಲ್ಲೇ ಎಂಬಂತಾಯಿತು.

ಅವನ ತಾಯಿ ಮುನಿಯಮ್ಮನನ್ನು ನಾನು ನೋಡುವ ಹೊತ್ತಿಗೆ ಆಕೆಗೆ ಲಕ್ವ ಹೊಡೆದಾಗಿತ್ತು. ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಮಾತು ಪೂರ್ತಿ ನಿಂತುಹೋಗಿತ್ತು. ಇದನ್ನು ಓದುಗರು ನೆನಪಿಡಬೇಕು. ಆಕೆಯ ದನಿಯನ್ನು ನಾನು ಆ ದಿನದವರೆಗೆ ಕೇಳಿರಲಿಲ್ಲ. ಜಗುಲಿಯ ಮೇಲೆ ಕೂತು ಹೋಗುವವರನ್ನೂ ಬರುವವರನ್ನೂ ಕಣ್ಣಿನಿಂದಲೇ ವಿಚಾರಿಸಿಕೊಳ್ಳುತ್ತಿದ್ದಳು. ಸೊಸೆ ಸರೋಜ ಆ ಕಣ್ಣಿನ ಭಾಷೆ ಬಲ್ಲವಳು. “ಅತ್ತೆ ನಿಮ್ಮನ್ನ ಬಯ್ತಾವ್ರೆ, ಇನ್ನೊಂದು ಮುದ್ದೆ ಇಕ್ಕಿಸ್ಕೊಳ್ಳಿ” ಎನ್ನುತ್ತಿದ್ದಳು.

ಅವರ ಹೊಲ ಇಳಿಜಾರಿನಲ್ಲಿದೆ. ಮೇಲೆ ಕಾಡು, ಕೆಳಗೆ ಕೆರೆ. ಮುನಿಯಮ್ಮ ಗಟ್ಟಿಯಾಗಿದ್ದಷ್ಟು ಕಾಲ ಅಲ್ಲಿ ರಾಗಿಯ ಜೊತೆ ಅಕ್ಕಡಿ ಹಾಕುತ್ತಿದ್ದರು. ಅಕ್ಕಡಿ ಎಂದರೆ, ರಾಗಿಯ ಮಧ್ಯೆ ಸ್ವಲ್ಪ ಸ್ವಲ್ಪ ದೂರಕ್ಕೆ ಒಂದೊಂದು ಸಾಲು ಅವರೆ, ತೊಗರಿ, ಜೋಳ, ಹರಳು, ಹುಚ್ಚೆಳ್ಳು ಇವನ್ನೆಲ್ಲ ಬೆರೆಸಿ ಬಿತ್ತುವುದು. ಆಕೆ ಮಲಗಿದ ಮೇಲೆ ಅದು ನಿಂತಿತು. ಎರಡು ವರ್ಷ ಟ್ರಾಕ್ಟರ್ ಕರೆಸಿ ಬರೀ ರಾಗಿ ಚೆಲ್ಲಿಸಿದರು. ಎರಡು ವರ್ಷವೂ ಕೊಯ್ಲಿನ ಹೊತ್ತಿಗೆ ಆನೆಗಳು ಬಂದು ಹೊಲದ ತುಂಬ ಓಡಾಡಿ ನೆಲಸಮ ಮಾಡಿಹೋದವು. ಅದಕ್ಕೆ ಮೊದಲೂ ಆನೆ ಬರುತ್ತಿದ್ದವಂತೆ, ಆದರೆ ಹೀಗೆ ಆಗಿರಲಿಲ್ಲ. ಅತ್ತೆಯ ಕೈಗುಣ ಎಂದು ಸರೋಜ ಹೇಳಿದರೆ, ಅದೃಷ್ಟ ಎಂದು ಮುನಿರಾಜು ಹೇಳುತ್ತಿದ್ದ. ನಾನು ಮುನಿರಾಜುವಿನ ಪಕ್ಷ.

ಅಷ್ಟರಲ್ಲಿ ಗುಲಾಬಿ ಬೆಳೆಯುವ ಒಬ್ಬರು ಬಂದು ಹೊಲವನ್ನು ಗುತ್ತಿಗೆಗೆ ಕೇಳಿದರು. ನಮ್ಮ ಕಡೆ ಈಗ ಎಲ್ಲಿ ನೋಡಿದರೂ ಗುಲಾಬಿಯ ಪಾಲಿಹೌಸುಗಳು. ಮುನಿರಾಜು ಮನಸ್ಸಿನಲ್ಲೇ ಒಪ್ಪಿಬಿಟ್ಟಿದ್ದ. ಸರೋಜ ಒಪ್ಪಲಿಲ್ಲ.

“ಕೊಟ್ಬುಡು. ನಾಳೆಯಿಂದ ನಮ್ಮ ಹೊಲ್ದಾಗೇ ನಾನು ಕೂಲಿಗೆ ಹೂ ಕೊಯ್ಯಾಕೆ ಹೋಗ್ತೀನಿ. ಗೇಟಲ್ಲಿ ನಿಂತವನು ನನ್ ಬ್ಯಾಗು ಬಿಚ್ಚಿ ನೋಡ್ಲಿ,” ಎಂದಳು. ಆ ದಿನ ನಾನು ಅಲ್ಲೇ ಊಟಕ್ಕೆ ಕೂತಿದ್ದೆ.

“ಆನೆ ತುಳ್ದಿದ್ದನ್ನ ಕೊಯ್ಯೋದ್ಕಿಂತ ಹೂ ಕೊಯ್ಯೋದು ವಾಸಿ,” ಎಂದ ಮುನಿರಾಜು.

ಈ ಮಾತು ನಡೆಯುತ್ತಿರುವಾಗ ಮುನಿಯಮ್ಮ ಎಡಗೈಯಲ್ಲಿ ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಸುಮಾರು ಹೊತ್ತಿನ ಮೇಲೆ ಒಂದು ಮಡಕೆಯನ್ನು ನೆಲದ ಮೇಲೆ ಉಜ್ಜಿಕೊಂಡು ಎಳೆದುಕೊಂಡು ಬಂದು ಹೊಸ್ತಿಲಿಗೆ ಅಡ್ಡವಾಗಿ ಇಟ್ಟಳು. ಅದರ ಪಕ್ಕದಲ್ಲಿ ತಾನೂ ಕೂತಳು. ಬೂದಿ ಬೆರೆಸಿ ಇಟ್ಟಿದ್ದ ಅಕ್ಕಡಿ ಬೀಜ ಅದು. ಆಕೆಯನ್ನು ದಾಟದೆ ಯಾರೂ ಹೊರಗೆ ಹೋಗುವಂತಿರಲಿಲ್ಲ. ಮುನಿರಾಜು ಶಿಫ್ಟಿಗೆ ಹೋಗಬೇಕಿತ್ತು. ಕೊನೆಗೆ ಅವನೇ ಸೋತ.

“ಆಯ್ತು ಕಣಮ್ಮ. ಇದೊಂದ್ಸಲ ನೀನು ಹಾಕ್ತಿದ್ದಂಗೇ ಹಾಕ್ಸಾನ. ಆದ್ರೆ ಈ ಸಲಾನೂ ಆನೆ ತುಳ್ದು ಹಾಕಿದ್ರೆ ಗುಲಾಬಿಯವ್ರಿಗೇ. ಆಮ್ಯಾಕೆ ಮಡಕೆ ತಂದು ಮಡಗಬ್ಯಾಡ.”

ಹೊಲದ ಭವಿಷ್ಯ ಆ ಒಂದು ಮಾತಿಗೆ ಬಂದು ನಿಂತಿತು. ಅದು ನಮ್ಮೆಲ್ಲರಿಗೂ ಗೊತ್ತಿತ್ತು.

ಆಷಾಢದ ಮಳೆ ಬಿದ್ದು ನೆಲ ಹದಕ್ಕೆ ಬಂದದ್ದು ಒಂದು ಭಾನುವಾರಕ್ಕೆ. ಮುನಿಯಮ್ಮನ ತಮ್ಮ ಮಾರಪ್ಪ, ಅಂಚೆಟ್ಟಿಯ ಆಚೆಯ ಊರಿನವನು, ತನ್ನ ಎತ್ತುಗಳನ್ನು ಹೊಡೆದುಕೊಂಡು ಹಿಂದಿನ ದಿನವೇ ಬಂದಿದ್ದ. ಆ ಹೊಲದಲ್ಲಿ ಅವನು ಬಿತ್ತುವ ಕೂರಿಗೆ ಹಿಡಿದದ್ದು ಅದೇ ಮೊದಲು. ಹಿಂದೆಲ್ಲ ಹಿಡಿಯುತ್ತಿದ್ದವನು ಮುನಿಯಮ್ಮನ ಗಂಡ, ಅವನು ತೀರಿಹೋಗಿದ್ದ. ಎಲ್ಲ ಸಿದ್ಧವಾದ ಮೇಲೆ ಮುನಿರಾಜುವಿಗೆ ಕಾರ್ಖಾನೆಯಿಂದ ಕರೆ ಬಂತು. ಯಾರೋ ರಜೆ, ಅವನು ಹೋಗಲೇಬೇಕಾಯಿತು. ಹೀಗೆ ಒಂದು ಆಳು ಕಡಿಮೆಯಾಯಿತು. ನಾನು ಬೈಕ್ ನಿಲ್ಲಿಸಿದ್ದು ಆ ಗಳಿಗೆಯಲ್ಲಿ.

ಬಿತ್ತನೆಗೆ ಮೂವರು ಬೇಕು. ಒಬ್ಬರು ಎತ್ತು ಹೊಡೆಯುತ್ತಾ ಕೂರಿಗೆ ಹಿಡಿಯಬೇಕು. ಒಬ್ಬರು ಪಕ್ಕದಲ್ಲಿ ನಡೆಯುತ್ತಾ ಕೂರಿಗೆಯ ಬಟ್ಟಲಿಗೆ ರಾಗಿ ಬಿಡಬೇಕು. ಕೂರಿಗೆಗೆ ಹಗ್ಗದಿಂದ ಕಟ್ಟಿದ ಒಂದು ಬಿದಿರಿನ ಕೊಳವೆ ಹಿಂದಿನಿಂದ ಎಳೆದುಕೊಂಡು ಬರುತ್ತದೆ, ಅದನ್ನು ಸಡ್ಡೆ ಎನ್ನುತ್ತಾರೆ. ಮೂರನೆಯವರು ಅದನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಅಕ್ಕಡಿ ಕಾಳು ಬಿಡುತ್ತಾ ನಡೆಯಬೇಕು. ರಾಗಿಗೆ ಸರೋಜ ನಿಂತಳು. ಸಡ್ಡೆ ನನ್ನ ಪಾಲಿಗೆ ಬಂತು. ನಡುವಿಗೆ ಟವೆಲ್ ಕಟ್ಟಿ, ಅದರ ಮಡಿಲಿಗೆ ಕಾಳು ಸುರಿದರು.

“ಬರ್ತೈತಾ ನಿಮಗೆ?” ಎಂದಳು ಸರೋಜ.

“ಬರ್ದೆ ಏನು, ಆಫೀಸರಪ್ಪ. ದಿನಾ ಮಿಸೀನ್ ಮುಂದೆ ನಿಂತು ನಟ್ಟು ಬೋಲ್ಟು ನೋಡೋ ಆಸಾಮಿ,” ಎಂದು ಮಾರಪ್ಪ ನನ್ನ ಪರವಾಗಿ ಉತ್ತರ ಹೇಳಿದ. “ಒಂದೇ ಮಾತು ಕಣಪ್ಪ. ಹಿಂದಕ್ಕೆ ತಿರುಗಬ್ಯಾಡ. ತಿರುಗಿದ್ರೆ ಹಗ್ಗ ಸಡಿಲ ಆಯ್ತದೆ, ಸಡ್ಡೆ ಮಲೀಕೋತದೆ, ಕಾಳು ಮ್ಯಾಲೇ ಬೀಳ್ತದೆ. ಕಾಗೆಗೆ ಬಿತ್ತನೆ ಮಾಡ್ದಂಗೆ.”

ಮುನಿಯಮ್ಮನನ್ನೂ ಸರೋಜ ಸ್ಕೂಟರಿನಲ್ಲಿ ಕೂರಿಸಿಕೊಂಡು ತಂದಿದ್ದಳು. ಹೊಲದ ಪೂರ್ವದ ಕೊನೆಗೆ, ದಾರಿಯ ಪಕ್ಕದ ಹೊಂಗೆ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದ್ದಳು. ಇಳಿಜಾರಿಗೆ ಅಡ್ಡವಾಗಿ ಬಿತ್ತುವುದರಿಂದ ನಾವು ಮರದಿಂದ ಹೊರಟು ಪಶ್ಚಿಮದ ಬದುವಿನವರೆಗೆ ಹೋಗಿ, ಅಲ್ಲಿ ತಿರುಗಿ ಮರದ ಕಡೆಗೆ ಬರುತ್ತಿದ್ದೆವು. ಹೋಗುವಾಗ ಆಕೆಗೆ ನನ್ನ ಬೆನ್ನು, ಬರುವಾಗ ನನ್ನ ಮುಖ. ಆಗ ಇದನ್ನು ನಾನು ಗಮನಿಸಲಿಲ್ಲ. ಆಮೇಲೆ ಎಷ್ಟೋ ಸಲ ಇದನ್ನೇ ಯೋಚಿಸಿದ್ದೇನೆ.

ಮೋಡ ಮುಚ್ಚಿತ್ತು. ಬಿಸಿಲಿರಲಿಲ್ಲ, ಮಳೆಯೂ ಇರಲಿಲ್ಲ. ಹಸಿ ಮಣ್ಣಿನ ಮೇಲೆ ನಡೆಯುವುದು ಹಿತವಾಗಿತ್ತು. ಮೊದಲ ಸಾಲಿನಲ್ಲಿ ನನ್ನ ಗಮನವೆಲ್ಲ ಬೆರಳಿನ ಮೇಲಿತ್ತು. ಯಾವ ಕಾಳು ಎಷ್ಟು ಬೀಳುತ್ತಿದೆ ಎಂದು ಅಭ್ಯಾಸಬಲದಿಂದ ಲೆಕ್ಕ ಹಾಕುತ್ತಿದ್ದೆ. ಆಗ ನನ್ನ ಎಡ ಭುಜದ ಹಿಂದಿನಿಂದ ಒಬ್ಬ ಹೆಂಗಸು ಹೇಳಿದಳು:

“ಏನ್ಲಾ ಮಗ, ಕಾಳು ಎಣಿಸ್ಕೊಂಡು ಹೋಗ್ತಿದ್ದೀಯಾ?”

ವಯಸ್ಸಾದ ದನಿ, ಸ್ವಲ್ಪ ಒರಟು. ಊರಿನ ಯಾವುದೋ ಅಜ್ಜಿ ಬಿತ್ತನೆ ನೋಡಲು ಬಂದಿದ್ದಾಳೆ ಎಂದುಕೊಂಡೆ. ಹಳ್ಳಿಯಲ್ಲಿ ಯಾರ ಹೊಲದಲ್ಲಿ ಏನು ನಡೆದರೂ ಹಿಂದೆ ನಿಂತು ಬುದ್ಧಿ ಹೇಳುವವರು ಇದ್ದೇ ಇರುತ್ತಾರೆ. ತಿರುಗಬಾರದೆಂದು ಮಾರಪ್ಪ ಹೇಳಿದ್ದರಿಂದ ತಿರುಗಲಿಲ್ಲ. ನಕ್ಕು, ಎಣಿಸುವುದು ಬಿಟ್ಟೆ. ಕಾಳು ಬೀಳುವುದು ಸರಾಗವಾಯಿತು.

ಸ್ವಲ್ಪ ದೂರ ಹೋದ ಮೇಲೆ ಅದೇ ದನಿ, “ಕೈ ಎತ್ತು” ಎಂದಿತು. ಎತ್ತಿದೆ. ಕಾಳು ಬಿಡದೆ ಕೆಲವು ಹೆಜ್ಜೆ ನಡೆದೆ. “ಆಂ, ಬುಡು ಈಗ.” ಬಿಟ್ಟೆ. ಅಲ್ಲಿ ಕಲ್ಲಿದೆಯೋ ಜೌಗಿದೆಯೋ, ಗೊತ್ತಿರುವವರು ಹೇಳುತ್ತಿದ್ದಾರೆ ಎಂದುಕೊಂಡೆ.

ಬದುವಿನಲ್ಲಿ ಎತ್ತು ತಿರುಗಿಸುವಾಗ ಸಡ್ಡೆಯನ್ನು ಎತ್ತಿ ಹಿಡಿದು ಎರಡನೆಯ ಸಾಲಿಗೆ ಇಳಿಸುವ ಗಡಿಬಿಡಿ. ವಾಪಸ್ಸು ಬರುವಾಗಲೂ ದನಿ ಹಿಂದಿನಿಂದಲೇ ಬಂತು. ಕೈ ಎತ್ತು. ಬುಡು ಈಗ. ಪ್ರತಿ ಸಾಲಿನಲ್ಲೂ ಹೀಗೇ ಆಯಿತು. ಒಂದು ಸಾಲಿನಲ್ಲಿ ನಾನು ತಡವಾಗಿ ಕೈ ಎತ್ತಿದಾಗ “ಕಿವಿ ಕೇಳ್ಸಾಕಿಲ್ವೇನ್ಲಾ” ಎಂದು ಬೈಸಿಕೊಂಡ ನೆನಪಿದೆ. ಎಲೆ ಅಡಿಕೆಯ ವಾಸನೆ ಬಂದ ನೆನಪೂ ಇದೆ. ಆದರೆ ಈ ವಾಸನೆಯನ್ನು ನಾನು ಆಮೇಲೆ ಸೇರಿಸಿಕೊಂಡೆನೇನೋ ಎಂಬ ಸಂದೇಹವಿದೆ, ಹಾಗಾಗಿ ಅದನ್ನು ಪರಿಗಣಿಸಬೇಡಿ.

ಒಮ್ಮೆ ಮಾತ್ರ ಸಾಲಿನ ಕೊನೆಯಲ್ಲಿ ಹಿಂದಕ್ಕೆ ನೋಡಿದೆ. ಬಿತ್ತಿದ ಮಣ್ಣು, ಅದರ ಮೇಲೆ ನನ್ನ ಹೆಜ್ಜೆ. ಅಜ್ಜಿ ಮರದ ಕೆಳಗೆ ಹೋಗಿ ಕೂತಿರಬೇಕು ಎಂದುಕೊಂಡೆ. ನನಗೆ ಸ್ವಲ್ಪವೂ ವಿಚಿತ್ರವೆನಿಸಲಿಲ್ಲ. ಹೊಲ ಮುಗಿಯುವವರೆಗೂ ಎನಿಸಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಹೆದರಿದವನ ಮನಸ್ಸು ಏನೇನೋ ಕಲ್ಪಿಸಿಕೊಳ್ಳುತ್ತದೆ. ನಾನು ಹೆದರಿರಲಿಲ್ಲ. ಹೊಸ ಕೆಲಸವೊಂದು ಕೈಗೆ ಹತ್ತಿದ ಖುಷಿಯಲ್ಲಿದ್ದೆ.

ಮರದ ಕೆಳಗೆ ಊಟಕ್ಕೆ ಕೂತೆವು. ಮುದ್ದೆ, ಹುರುಳಿ ಸಾರು. ಮುನಿಯಮ್ಮನಿಗೆ ಸರೋಜ ತುತ್ತು ಮಾಡಿ ತಿನ್ನಿಸುತ್ತಿದ್ದಳು.

“ಆ ಅಜ್ಜಿ ಊಟಕ್ಕೆ ಬರಲ್ವಾ?” ಎಂದು ಕೇಳಿದೆ.

“ಯಾವ ಅಜ್ಜಿ?”

“ನನ್ನ ಹಿಂದೆ ಬರ್ತಿದ್ರಲ್ಲ. ಕಾಳು ಎಣಿಸ್ತೀಯಾ ಅಂತ ಬೈದು, ಕೈ ಎತ್ತು, ಬಿಡು ಅಂತ ಹೇಳ್ತಿದ್ರಲ್ಲ.”

ಸರೋಜಳ ಕೈ ತುತ್ತಿನ ಸಮೇತ ನಿಂತಿತು. ಮಾರಪ್ಪ ಮುದ್ದೆ ನುಂಗಿ, ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಆಫೀಸರಪ್ಪಂಗೆ ಬಿಸ್ಲು ಹತ್ತೈತೆ. ಒಸಿ ಮಜ್ಜಿಗೆ ಕೊಡಮ್ಮ.”

“ಬಿಸ್ಲು ಎಲ್ಲೈತೆ ಮಾವ,” ಎಂದಳು ಸರೋಜ. ಆಮೇಲೆ ನನ್ನ ಕಡೆ ತಿರುಗಿ, “ಇಲ್ಲಿ ನಾವು ನಾಲ್ಕು ಜನ ಬಿಟ್ರೆ ಯಾರೂ ಬರ್ನಿಲ್ಲ ಸಾರ್. ನಾನು ಪಕ್ಕದಾಗೇ ಬತ್ತಿದ್ನಲ್ಲ,” ಎಂದಳು.

ಆಗ ನಾನು ಮುನಿಯಮ್ಮನನ್ನು ನೋಡಿದೆ. ಆಕೆಯ ಬಾಯಿ ಒಂದು ಕಡೆಗೆ ಎಳೆದುಕೊಂಡೇ ಇತ್ತು. ತುತ್ತು ಯಾಕೆ ನಿಂತಿತು ಎಂದು ಸೊಸೆಯ ಕೈಯನ್ನೇ ನೋಡುತ್ತಿದ್ದಳು. ಅಷ್ಟೇ. ಆ ನೋಟದಲ್ಲಿ ನನಗೆ ಬೇರೆ ಏನೂ ಕಾಣಲಿಲ್ಲ. ಕಂಡಿತು ಎಂದು ಹೇಳಿದರೆ ಸುಳ್ಳಾಗುತ್ತದೆ.

ಸಂಜೆ ಹೊರಡುವಾಗ ಸರೋಜ ಬೈಕಿನ ಹತ್ತಿರ ಬಂದಳು. “ಒಂದು ಮಾತು ಸಾರ್. ನೀವು ಬಿತ್ತುವಾಗ ಅತ್ತೆ ಎಡಗೈ ತೊಡೆ ಮ್ಯಾಲೆ ಎದ್ದೇಳೋದು, ಕೂರೋದು ಮಾಡ್ತಿತ್ತು. ಮರದ ಕಡೆ ಬರುವಾಗ ನೋಡಿದ್ದೆ. ನಡುಕ ಬಂದೈತೆ ಅಂದ್ಕೊಂಡೆ. ನೀವು ಹಿಂಗಂದ ಮ್ಯಾಲೆ…” ಎಂದು ನಿಲ್ಲಿಸಿದಳು. “ಅತ್ತೆ ನನಗೂ ಹಂಗೇ ಬಯ್ತಿದ್ದಿದ್ದು. ಎಣಿಸ್ಕೊಂಡು ಹೋಗ್ತೀಯೇನೇ ಅಂತ.”

ಮತ್ತಿಗಿರಿಗೆ ಬರುವಷ್ಟರಲ್ಲಿ ನನ್ನ ಬಳಿ ವಿವರಣೆ ಸಿದ್ಧವಾಗಿತ್ತು. ಆಕೆಯ ಕೈ ಏಳುವುದು ಬೀಳುವುದು ನನ್ನ ಕಣ್ಣಂಚಿಗೆ ಬಿದ್ದಿರಬೇಕು. ನನ್ನ ಮಿದುಳು ಅದನ್ನು ಮಾತಾಗಿ ಮಾಡಿಕೊಂಡಿರಬೇಕು. ಮೊದಲ ಸಲ ಮಾಡುವ ಕೆಲಸ, ತಪ್ಪಾದೀತೆಂಬ ಆತಂಕ, ಯಾರಾದರೂ ಹೇಳಿಕೊಟ್ಟರೆ ಸಾಕೆಂಬ ಆಸೆ. ಬೈಗುಳವಂತೂ ಎಲ್ಲ ಅಜ್ಜಿಯರೂ ಬೈಯುವಂಥದ್ದೇ. ತೃಪ್ತಿಯಾಗಿ ಮಲಗಿದೆ. ಬೆಳಿಗ್ಗೆ ಎದ್ದಾಗ, ಪಶ್ಚಿಮಕ್ಕೆ ಹೋಗುವಾಗ ಆಕೆ ನನ್ನ ಬೆನ್ನ ಹಿಂದಿದ್ದಳು ಎಂಬುದು ಹೊಳೆಯಿತು. ವಿವರಣೆ ಅರ್ಧ ಹೊಲಕ್ಕೆ ಮಾತ್ರ ಸಾಕಾಗುತ್ತಿತ್ತು.

ರಾಗಿ ಮೊಣಕಾಲೆತ್ತರ ಬಂದಾಗ ಮುನಿರಾಜು ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದ. ಅವನಿಗೆ ಆ ದಿನದ ವಿಷಯ ಸರೋಜ ಹೇಳಿರಲಿಲ್ಲ.

“ಕ್ವಾಲಿಟಿ ಪಾಸ್ ಮಾಡೋದು ಹಿಂಗೇನಾ ಸಾರ್? ನೋಡಿ, ಒಂದೊಂದು ಸಾಲ್ನಾಗೂ ಒಂದು ಹಲ್ಲು ಬಿದ್ದೈತೆ.”

ನಿಜ. ಜೋಳ, ಹರಳು ರಾಗಿಗಿಂತ ಮೇಲೆದ್ದು ಸಾಲುಗಳು ಸ್ಪಷ್ಟವಾಗಿದ್ದವು. ಪ್ರತಿಯೊಂದರಲ್ಲೂ ಒಂದು ಕಡೆ ಅಕ್ಕಡಿ ಇಲ್ಲದ ಖಾಲಿ ಜಾಗ. ನಾನು ಕೆರೆಯ ಏರಿಯ ಮೇಲೆ ಹತ್ತಿದೆ. ಅವನೂ ಬಂದ. ಅಲ್ಲಿಂದ ನೋಡಿದರೆ ಇಡೀ ಹೊಲ ಕಾಣುತ್ತದೆ. ಬಿದ್ದ ಹಲ್ಲುಗಳೆಲ್ಲ ಒಂದೇ ಗೆರೆಯಲ್ಲಿದ್ದವು. ಒಂದು ಸಾಲಿನಿಂದ ಇನ್ನೊಂದಕ್ಕೆ ಚೂರು ಚೂರೇ ಸರಿಯುತ್ತಾ, ಮೇಲಿನ ಬದುವಿನಿಂದ ಕೆರೆಯ ಅಂಚಿನವರೆಗೆ, ಗಾಡಿ ಹೋಗುವಷ್ಟು ಅಗಲದ ಒಂದು ಓರೆ ದಾರಿ. ಹೋಗುವ ಸಾಲು, ಬರುವ ಸಾಲು ಎಂಬ ಭೇದವಿರಲಿಲ್ಲ. ಎಲ್ಲೂ ತಪ್ಪಿರಲಿಲ್ಲ. ಮುನಿರಾಜು ತಮಾಷೆ ನಿಲ್ಲಿಸಿದ. “ಬೇಕೂ ಅಂತ ಬಿಟ್ರಾ?” ಎಂದ. ಆಗ ಹೇಳಿದೆ. ಅವನು ನಂಬಿದನೋ ಇಲ್ಲವೋ, ಅಪ್ಪ ಅಮ್ಮ ಬಿತ್ತುವ ದಿನಗಳಲ್ಲಿ ತಾನು ಹೊಲಕ್ಕೆ ಬರುತ್ತಲೇ ಇರಲಿಲ್ಲ, ಹೀಗೊಂದು ದಾರಿ ಇತ್ತೆಂದು ತನಗೆ ಗೊತ್ತೇ ಇಲ್ಲ ಎಂದಷ್ಟೇ ಹೇಳಿದ.

ಮಾರಪ್ಪ ಮುಂದಿನ ಸಲ ಬಂದಾಗ ಅವನನ್ನೂ ಏರಿಯ ಮೇಲೆ ಹತ್ತಿಸಿದೆವು. ಅವನು ಒಂದು ಬೀಡಿ ಮುಗಿಯುವವರೆಗೆ ನೋಡಿದ.

“ಇದು ದೊಡ್ಡವ್ರ ದಾರಿ ಕಣಪ್ಪ,” ಎಂದ. ಆ ಕಡೆಯ ಹಳಬರು ಆನೆಯನ್ನು ಹೆಸರು ಹಿಡಿದು ಕರೆಯುವುದಿಲ್ಲ. “ನಮ್ಮೂರ ಹೊಲ್ದಾಗೆ ನಮ್ಮವ್ವ ಹಿಂಗೇ ಬುಡ್ತಿದ್ಲು. ಅಕ್ಕಡಿ ಅನ್ನೋದು ಗೋಡೆ ಇದ್ದಂಗೆ. ಅವರೆ ಜೋಳಕ್ಕೆ ಹಬ್ಕೊಂಡು ನಿಂತ್ಕೋತದೆ. ಗೋಡೆ ಕಟ್ಟಿದ ಮ್ಯಾಲೆ ಬಾಗ್ಲು ಮಡಗದೇ ಇದ್ರೆ ಬರೋರು ಗೋಡೇನೇ ಒಡೀತಾರೆ. ಬಾಗ್ಲಲ್ಲಿರೋ ರಾಗಿ ಅವ್ರ ಪಾಲು. ತಿಂದು ನೀರಿಗೆ ಹೋಗ್ತಾರೆ.”

ಸುಳಿವು ಸಿಕ್ಕಿತು ಎಂದುಕೊಂಡೆ. “ಹಾಗಾದರೆ ಬಿತ್ತುವಾಗ ನೀವೇ ಅಲ್ಲಿ ಎತ್ತು ನಿಧಾನ ಮಾಡಿದ್ರಾ? ಗೊತ್ತಿಲ್ಲದೆಯಾದರೂ?”

“ನನ್ ಎತ್ತು ನಾನು ಹೇಳಿದ್ರೆ ನಿಧಾನ ಆಗಿದ್ದಿದ್ರೆ ಜೀವನ ಎಂಗೋ ಇರ್ತಿತ್ತು,” ಎಂದ ಮಾರಪ್ಪ. “ಈ ಹೊಲ ನಂಗೊತ್ತಿಲ್ಲ ಸಾಮಿ. ಬಾಗ್ಲು ಬುಡಬೇಕು ಅನ್ನೋದು ಗೊತ್ತು. ಇಲ್ಲಿ ಬಾಗ್ಲು ಎಲ್ಲೈತೆ ಅನ್ನೋದು ನಮ್ಮಕ್ಕನಿಗೇ ಗೊತ್ತು.”

ಆ ಅಕ್ಕನನ್ನು ನಾನು ಕೇಳದೆ ಇರಲಿಲ್ಲ. ಜಗುಲಿಯ ಮೇಲೆ ಎದುರಿಗೆ ಕೂತು, ನಿಧಾನವಾಗಿ, ಆ ದಿನ ನನಗೆ ಹೇಳಿಕೊಟ್ಟವರು ನೀವೇನಾ ಎಂದು ಕೇಳಿದೆ. ಹೌದಾದರೆ ಎಡಗೈ ಎತ್ತಿ ಎಂದೂ ಹೇಳಿದೆ. ಆಕೆ ಕೈ ಎತ್ತಲಿಲ್ಲ. ಕೆಲಸವಿಲ್ಲದವನನ್ನು ನೋಡುವಂತೆ ನೋಡಿ ರಸ್ತೆಯ ಕಡೆ ಮುಖ ತಿರುಗಿಸಿದಳು.

ಕಾರ್ತಿಕ ಕಳೆಯಿತು. ರಾಗಿ ಬಾಗಿತು. ಅವರೆ ಜೋಳದ ದಂಟಿಗೆ ಹಬ್ಬಿ ಹೂ ಬಿಟ್ಟಿತು. ಒಂದು ಬೆಳಗಿನ ಜಾವ ಮುನಿರಾಜುವಿನ ಫೋನ್ ಬಂತು. “ರಾತ್ರಿ ಬಂದಿದ್ರು ಸಾರ್. ಬನ್ನಿ,” ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಅವನ ದನಿಯಿಂದ ಏನೂ ತಿಳಿಯಲಿಲ್ಲ. ಡೆಂಕಣಿಕೋಟೆ ದಾಟುವವರೆಗೂ ಪಾಲಿಹೌಸುಗಳ ಬಿಳಿ ಚಾವಣಿಗಳನ್ನು ನೋಡುತ್ತಾ ಹೋದೆ. ಹೊಲ ಹೋದರೆ ಸರೋಜ ಯಾವ ಗೇಟಿನ ಒಳಗೆ ನಿಂತಿರುತ್ತಾಳೆ ಎಂದು ಯೋಚಿಸುತ್ತಿದ್ದೆ.

ಪಕ್ಕದ ಹೊಲ ಮೊದಲು ಕಂಡಿತು. ಅಲ್ಲಿ ನಿಂತದ್ದು ಎಂಬುದೇ ಇರಲಿಲ್ಲ. ಮುನಿರಾಜು, ಸರೋಜ ಕೆರೆಯ ಏರಿಯ ಮೇಲಿದ್ದರು. ಆನೆಗಳು ಬಂದದ್ದು ದೂರದ ಪಶ್ಚಿಮದ ಮೂಲೆಯಿಂದ. ಅರಣ್ಯ ಇಲಾಖೆಯವರು ಕಾಡಂಚಿಗೆ ತೋಡಿದ್ದ ಕಂದಕ ಅಲ್ಲಿ ಕುಸಿದಿತ್ತು. ಅಲ್ಲಿಂದ ಮೇಲಿನ ಬದುವಿನ ಗುಂಟ ನಡೆದು, ಓರೆ ದಾರಿಯ ತಲೆಯ ಹತ್ತಿರ ತಿರುಗಿ, ಅದರಲ್ಲೇ ಇಳಿದು ಕೆರೆಗೆ ಹೋಗಿದ್ದವು. ದಾರಿಯೊಳಗಿನ ರಾಗಿ ಒಂದು ತೆನೆಯೂ ಉಳಿದಿರಲಿಲ್ಲ. ಎರಡೂ ಕಡೆಯ ಬೆಳೆ, ಒಂದೆರಡು ಹರಳು ಗಿಡ ಮುರಿದದ್ದು ಬಿಟ್ಟರೆ, ಹಾಗೇ ನಿಂತಿತ್ತು.

ಮೊದಲು ಮಾತಾಡಿದವಳು ಸರೋಜ.

“ಗುಲಾಬಿಯವ್ರಿಗೆ ಫೋನ್ ಮಾಡ್ತೀಯಾ, ನಾನು ಮಾಡ್ಲಾ?”

“ಮಾಡ್ತೀನಿ ಬುಡು,” ಎಂದ ಮುನಿರಾಜು. ಅಲ್ಲೇ ನಿಂತು ಮಾಡಿದ. ತಮಿಳಿನಲ್ಲಿ ಮಾತಾಡಿದ್ದರಿಂದ ನನಗೆ ಎಲ್ಲವೂ ತಿಳಿಯಲಿಲ್ಲ, ಆದರೆ ಇಲ್ಲ ಎಂದದ್ದು ತಿಳಿಯಿತು.

ಇದರಿಂದ ಏನೂ ಸಾಬೀತಾಗುವುದಿಲ್ಲ ಎಂದು ನನಗೆ ಗೊತ್ತು. ಒಂದು ಹೊಲ, ಒಂದು ವರ್ಷ. ಆನೆಗಳು ಸುಲಭದ ದಾರಿ ಹಿಡಿಯುತ್ತವೆ. ದಾರಿ ಎಲ್ಲಿ ಬಿಟ್ಟಿದ್ದರೂ ಅಲ್ಲೇ ಹೋಗುತ್ತಿದ್ದವೇನೋ. ಅವು ಬಂದ ಮೂಲೆಗೂ ಈ ದಾರಿಯ ತಲೆಗೂ ಸಂಬಂಧವೇ ಇರಲಿಲ್ಲ, ಸುತ್ತಿಕೊಂಡು ಬಂದಿದ್ದವು. ಬಾಗಿಲಿಡುವ ಪದ್ಧತಿಯ ಬಗ್ಗೆ ನನಗೆ ತಕರಾರಿಲ್ಲ. ಅದರ ಬುದ್ಧಿವಂತಿಕೆ ಯಾರಿಗಾದರೂ ಅರ್ಥವಾಗುವಂ­ಥದ್ದು. ನಾನು ಅಲ್ಲೇ ಏಕೆ ಕೈ ಎತ್ತಿದೆ ಎಂಬುದಷ್ಟೇ ನನ್ನ ತಕರಾರು. ಹಸಿ ಮಣ್ಣಿನ ಬಣ್ಣದಲ್ಲಿ, ನೆಲದ ತಗ್ಗಿನಲ್ಲಿ ಏನೋ ಗುರುತಿದ್ದು ನನಗೆ ಅರಿವಿಲ್ಲದೆ ಕಂಡಿರಬಹುದು ಎಂದು ಒಂದು ವಾದ ಹೂಡಿಕೊಂಡೆ. ಆ ಗುರುತನ್ನು ಹುಡುಕಿದೆ. ನನಗೆ ಸಿಗಲಿಲ್ಲ.

ಆಮೇಲೆ ಒಂದು ದಿನ ಸರೋಜ ತನ್ನ ಫೋನಿನಲ್ಲಿ ಒಂದು ಹಳೆಯ ವಿಡಿಯೊ ಹುಡುಕಿ ತೆಗೆದಳು. ಮುನಿಯಮ್ಮ ಗಟ್ಟಿಯಾಗಿದ್ದಾಗ ಯಾರದೋ ಮದುವೆಯಲ್ಲಿ ಅಡುಗೆಯವರನ್ನು ಗದರಿಸುತ್ತಿದ್ದ ವಿಡಿಯೊ. “ಇದೇ ದನೀನಾ ಸಾರ್?” ಎಂದು ಕೇಳಿದಳು. ಹೌದು ಎಂದರೆ ಸರೋಜಳಿಗೆ ಸಂತೋಷವಾಗುತ್ತಿತ್ತು. ಮತ್ತೆ ಮತ್ತೆ ಹಾಕಿಸಿ ಕೇಳಿದೆ. ಹೌದು ಎನ್ನಲು ಆಗಲಿಲ್ಲ, ಅಲ್ಲ ಎನ್ನಲೂ ಆಗಲಿಲ್ಲ. ಮೊದಲ ಸಲ ಕೇಳಿದಾಗಲೇ ನನ್ನ ನೆನಪಿನ ದನಿಯ ಮೇಲೆ ವಿಡಿಯೊದ ದನಿ ಕೂತುಬಿಟ್ಟಿತು. ಇನ್ನು ಅದನ್ನು ಬೇರ್ಪಡಿಸಲು ಸಾಧ್ಯವಿಲ್ಲ. ಇದ್ದ ಒಂದು ಸಾಕ್ಷಿಯನ್ನು ನಾನೇ ಹಾಳುಮಾಡಿಕೊಂಡಂತಾಯಿತು.

ಮುನಿಯಮ್ಮ ಈಗಲೂ ಇದ್ದಾಳೆ. ಮಾತು ಬಂದಿಲ್ಲ.

ಬೇಸಿಗೆಯಲ್ಲಿ, ಹೊಲ ಉಳುವುದಕ್ಕೆ ಮೊದಲು, ಸರೋಜ ನನಗೊಂದು ಕೆಲಸ ಹೇಳಿದಳು. “ಈ ಸಲ ನಾನೇ ಸಡ್ಡೆ ಹಿಡೀತೀನಿ ಸಾರ್. ನಿಮಗೆ ಕೇಳ್ದಂಗೆ ನನಗೆ ಕೇಳ್ತದೋ ಇಲ್ವೋ. ಎಲ್ಲಿ ಕೈ ಎತ್ತಬೇಕು ಅಂತ ಗುರುತು ಹಾಕಿಕೊಡಿ.” ನ್ಯಾಯವಾದ ಮಾತು. ಕೊಯ್ದು ಉಳಿದ ತೊಗರಿಯ ಕೂಳೆಗಳು ಇನ್ನೂ ನೆಲದಲ್ಲಿದ್ದವು, ಸಾಲು ಎಲ್ಲಿ ತುಂಡಾಗಿದೆ ಎಂಬುದು ಕಾಣುತ್ತಿತ್ತು. ಹೊಲ ಉತ್ತ ಮೇಲೆ ಅದೂ ಹೋಗುತ್ತಿತ್ತು. ಕೆಳಗಿನ ಬದುವಿನಲ್ಲಿ ಒಂದು ಗೂಟ, ಮೇಲಿನ ಬದುವಿನಲ್ಲಿ ಒಂದು ಗೂಟ ನೆಟ್ಟು, ಮುನಿರಾಜುವನ್ನು ಕೆಳಗೆ ನಿಲ್ಲಿಸಿ, ಎರಡಕ್ಕೂ ನೇರವಾಗಿ ಇನ್ನೂ ಮೇಲೊಂದು ಗುರುತು ಮಾಡೋಣವೆಂದು ನಾನು ಬದು ದಾಟಿದೆ. ಆಚೆ ಲಂಟಾನದ ದಟ್ಟ ಪೊದೆ. ಹಾವಿನ ಭಯಕ್ಕೆ ಯಾರೂ ಒಳಗೆ ಹೋಗುತ್ತಿರಲಿಲ್ಲ. ತಾನು ಹುಟ್ಟಿದಾಗಿನಿಂದ ಅದು ಹಾಗೇ ಇದೆ ಎಂದ ಮುನಿರಾಜು. ಮಚ್ಚು ತೆಗೆದುಕೊಂಡು, ಕೆಳಗಿನಿಂದ ಅವನು ಎಡಕ್ಕೆ ಬಲಕ್ಕೆ ಎಂದು ಕೂಗಿ ಹೇಳಿದ ಕಡೆಗೆ ಕಡಿಯುತ್ತಾ ಹೋದೆ. ಬೆಳಿಗ್ಗೆ ಶುರು ಮಾಡಿದ್ದು ಊಟದ ಹೊತ್ತಾಯಿತು.

ಪೊದೆಯ ನಡುವೆ ಎರಡು ದೊಡ್ಡ ಬಂಡೆಗಳಿದ್ದವು. ನಮ್ಮ ಕಡೆಯ ಗುಡ್ಡಗಳಲ್ಲಿ ಇರುವಂಥವೇ, ಹೊರಮೈಯೆಲ್ಲ ಒರಟು, ಕಲ್ಲುಹೂವು ಕಟ್ಟಿದವು. ಅವುಗಳ ನಡುವೆ ಗಾಡಿ ಹೋಗುವಷ್ಟು ಸಂದು. ನಮ್ಮ ಗೂಟಗಳ ಗೆರೆ ಆ ಸಂದಿನ ನಡುಮಧ್ಯಕ್ಕೆ ಬರುತ್ತಿತ್ತು. ಮುನಿರಾಜುವನ್ನು ಮೇಲೆ ಕರೆದು, ನಾನು ಕೆಳಗೆ ನಿಂತು, ಇನ್ನೊಂದು ಸಲ ನೋಡಿಕೊಂಡೆ. ಆಮೇಲೆ ಮೇಲೆ ಹೋಗಿ ಸಂದಿನೊಳಗೆ ನಿಂತು ಎರಡೂ ಬಂಡೆಗಳ ಒಳಮೈ ಮುಟ್ಟಿದೆ. ನಾನು ಕೈ ಎತ್ತಿದರೆ ಎಟುಕುವುದಕ್ಕಿಂತ ಮೇಲಿನವರೆಗೂ, ದೊಡ್ಡ ಮೈಗಳು ತಲೆಮಾರುಗಳ ಕಾಲ ಉಜ್ಜಿಕೊಂಡು ಹೋದ ಹಾಗೆ, ಅದು ಹಳೆಯ ಒರಳಿನ ಒಳಗಿನಷ್ಟು ನುಣುಪಾಗಿತ್ತು.